ಡಿಜಿಟಲ್ ಗ್ಯಾಲರಿಯ ಮೊದಲ ಫೋಟೋ

ಎಲ್ಲ ತಾಪತ್ರಯಕ್ಕೂ ಮೂಲ ಎರಡು ದೀಪಗಳು. ಎಣ್ಣೆ ಬತ್ತಿಯ ದೀಪಗಳಲ್ಲ, ಕಂಪ್ಯೂಟರಿನೊಳಗಿನ ದೀಪಗಳು.

ಇಂಡಿ ಬಸ್‌ಸ್ಟ್ಯಾಂಡಿನ ಎದುರು ಸ್ಟುಡಿಯೋ ಇಟ್ಟುಕೊಂಡಿದ್ದ ಸಿದ್ದಾರೂಢ ಸೊಲ್ಲಾಪುರದಿಂದ ಒಂದು ಸೀಡಿ ತಂದಿದ್ದ. ಅದರಲ್ಲಿ ಫೋಟೋಗಳಿಗೆ ಹಾಕುವ ಚೌಕಟ್ಟುಗಳು ರಾಶಿ ರಾಶಿ ಇದ್ದವು. ಎಲ್ಲವನ್ನೂ ಜಾಲಾಡಿ ಅವನು ಆರಿಸಿದ್ದು ಎಡಕ್ಕೊಂದು ಬಲಕ್ಕೊಂದು ದೀಪ ಉರಿಯುವ, ಮೇಲಿನಿಂದ ಗುಲಾಬಿ ಎಸಳು ಉದುರುವ, ಹಿಂದೆ ಸಣ್ಣಗೆ ಕೊಳಲು ನುಡಿಯುವ ಚೌಕಟ್ಟನ್ನು.

ಅವನ ಹೆಂಡತಿ ಸುನಂದಾ ಅದನ್ನು ನೋಡಿ ಹುಬ್ಬು ಗಂಟಿಕ್ಕಿದಳು. "ಇದೇನ್ರಿ, ಯಾರೋ ಹೋದವರ ಫೋಟೋ ಇಟ್ಟಂಗ ಕಾಣ್ತೈತಲ್ಲ?"

"ನಿನಗ ಡಿಸೈನ್ ತಿಳಿಯಂಗಿಲ್ಲ ಬಿಡು. ದೀಪ ಅಂದ್ರ ಶುಭ. ಹೂವು ಅಂದ್ರ ಶುಭ. ಓಪನಿಂಗ್ ದಿನ ದೀಪ ಹಚ್ಚದ ಮತ್ತೇನ್ ಟ್ಯೂಬ್‌ಲೈಟ್ ಹಚ್ಚೂದೇನು?"

"ನಂಗ್ಯಾಕ ಬೇಕು, ಕಂಡದ್ದು ಹೇಳಿದೆ," ಎಂದು ಸುನಂದಾ ಒಳಗೆ ಹೋದಳು.

ಎರಡು ಸಾವಿರದ ಎಂಟರ ಮಾತು. ಅಲ್ಲಿಯವರೆಗೆ ಸಿದ್ದಾರೂಢನ ಬದುಕೆಲ್ಲ ಪಾಸ್‌ಪೋರ್ಟ್ ಸೈಜಿನದು. ಹಾಲ್‌ಟಿಕೆಟಿಗೆ ಬರುವವರು, ಬ್ಯಾಂಕಿನ ಅರ್ಜಿಗೆ ಬರುವವರು, ಬಂದು ಕೂತು ಉಸಿರು ಬಿಗಿಹಿಡಿದು ಎದ್ದುಹೋಗುವವರು. ಆದರೆ ಬಿಡುವಾದಾಗಲೆಲ್ಲ ಅವನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರೂರು ಸುತ್ತಿ ತೆಗೆದ ಚಿತ್ರಗಳು ಬೇರೆಯೇ ಇದ್ದವು. ಲಿಂಬಿ ತೋಟದಲ್ಲಿ ಕೂತು ಕಾಯಿ ಆರಿಸುವ ಹೆಂಗಸರು, ಕಬ್ಬಿನ ಗಾಡಿಯ ಮೇಲೆ ನಿದ್ದೆ ಹೋದವನು, ಮಂಜಿನಲ್ಲಿ ದಾರಿ ದಾಟುವ ಕುರಿಹಿಂಡು. ಇವನ್ನೆಲ್ಲ ದೊಡ್ಡದಾಗಿ ಗೋಡೆಗೆ ತೂಗುಹಾಕಿ, ಬೀದಿಗೆ ಕಾಣುವಂತೆ ಗಾಜಿನ ಹಿಂದೆ ದೊಡ್ಡ ಎಲ್‌ಸಿಡಿ ಟೀವಿ ಇಟ್ಟು, ಒಂದಾದ ಮೇಲೊಂದು ಫೋಟೋ ತಾನಾಗಿ ಬರುವಂತೆ ಮಾಡಿ 'ಸಿದ್ದಾರೂಢ ಡಿಜಿಟಲ್ ಫೋಟೋ ಗ್ಯಾಲರಿ' ಎಂದು ಬೋರ್ಡು ಬರೆಸಿದ್ದ. ಆ ದಿನ ಸಂಜೆ ನಾಲ್ಕಕ್ಕೆ ಉದ್ಘಾಟನೆ.

ರಿಬ್ಬನ್ ಕತ್ತರಿಸಲು ಒಪ್ಪಿಕೊಂಡವರು ಪರಸಪ್ಪ ಮುತ್ಯಾ, ಊರಿಗೆಲ್ಲ ಅಜ್ಜ. ಕುರಿ ಕಾಯುತ್ತ ಬೆಳೆದು, ಕುರಿ ಮಾರಿ ತೋಟ ಮಾಡಿ, ಈಗ ಲಿಂಬಿ ಬೆಳೆಗಾರರ ಸಂಘಕ್ಕೆ ಹಿರಿಯರಾಗಿ ಕೂತಿದ್ದ ಮನುಷ್ಯ. ಮೀಸೆ ಜೋಳದ ಸಿವುಡಿನಷ್ಟು ದಪ್ಪ, ಬಾಯಿ ಅದಕ್ಕಿಂತ ಜೋರು. ಸಂಘದವರು ಸನ್ಮಾನ ಮಾಡಿದ ದಿನ ಕೊರಳಿಗೆ ಹಾಕಿದ ದಪ್ಪ ಹಾರದೊಂದಿಗೆ ಸಿದ್ದಾರೂಢನೇ ಅವರ ಫೋಟೋ ತೆಗೆದಿದ್ದ. ಮುಖ್ಯ ಅತಿಥಿಯ ಮನಸ್ಸು ಅರಳಲಿ ಎಂದು ಟೀವಿಯ ಸಾಲಿನಲ್ಲಿ ಮೊದಲಿಗೆ ಅದನ್ನೇ ಇಟ್ಟ.

ಎರಡನೆಯದು ಐಶ್ವರ್ಯ ಎಂಬ ಹುಡುಗಿಯ ನಿಶ್ಚಿತಾರ್ಥದಲ್ಲಿ ಅವನೇ ತೆಗೆದ ಫೋಟೋ. ಅದಕ್ಕೂ ಒಂದು ಲೆಕ್ಕಾಚಾರವಿತ್ತು. ಬಸವನ ಬಾಗೇವಾಡಿಯಲ್ಲಿ ಅರಿವೆ ಅಂಗಡಿ ನಡೆಸುವ ಗುರುಪಾದಪ್ಪ ತಮ್ಮ ಮಗಳು ಐಶ್ವರ್ಯಳ ಮದುವೆಯ ಫೋಟೋ, ವೀಡಿಯೋ ಎಲ್ಲ ಯಾರಿಗೆ ಕೊಡಬೇಕೆಂದು ಇನ್ನೂ ತೂಗುತ್ತಿದ್ದರು. "ನಿಮ್ಮ ಗ್ಯಾಲರಿ ನೋಡಿ ಹೇಳ್ತೇವಿ" ಎಂದಿದ್ದರು. ಆ ಮದುವೆ ಸಿಕ್ಕಿತೆಂದರೆ ಬಾಗೇವಾಡಿ, ಮುದ್ದೇಬಿಹಾಳದ ಕಡೆಯ ಬೀಗರೆಲ್ಲ ಕೈಗೆ ಬಂದಂತೆ. ಸಿಗದಿದ್ದರೆ ಮತ್ತೆ ಹಾಲ್‌ಟಿಕೆಟ್ಟು.

ಉದ್ಘಾಟನೆಯ ದಿನ ಬೆಳಿಗ್ಗೆ ಸಿದ್ದಾರೂಢ ಟೀವಿ ಹಚ್ಚಿದ. ದೀಪ ಉರಿಯಿತು, ಎಸಳು ಉದುರಿತು, ಹೊರಗಿನ ಸ್ಪೀಕರಿನಲ್ಲಿ ಕೊಳಲು ನುಡಿಯಿತು, ಪರಸಪ್ಪ ಮುತ್ಯಾರ ಮುಖ ಗಾಜಿನ ತುಂಬ ತುಂಬಿಕೊಂಡಿತು. ಕಣ್ಣಿಗೆ ಹಬ್ಬ. ಗ್ಯಾಲರಿಗೆ ಬೀಗ ಹಾಕಿ, ಪೇಡೆ ತರಲು ಗಾಡಿ ಹತ್ತಿ ಹೋದ. ಅವನು ಓಣಿಯ ತಿರುವು ದಾಟಿದ್ದೇ ತಡ, ಕರೆಂಟು ಒಮ್ಮೆ ಕಣ್ಣು ಮಿಟುಕಿಸಿತು. ಕಂಪ್ಯೂಟರ್ ಮೊದಲ ಫೋಟೋದಲ್ಲೇ ಸಿಕ್ಕಿಕೊಂಡಿತು. ಎರಡನೆಯ ಫೋಟೋ ಬರಲಿಲ್ಲ. ದೀಪ ಉರಿಯುತ್ತಲೇ ಇತ್ತು, ಕೊಳಲು ಅಳುತ್ತಲೇ ಇತ್ತು, ಪರಸಪ್ಪ ಮುತ್ಯಾ ಹಾರ ಹಾಕಿಕೊಂಡು ಬೀದಿಯನ್ನು ನೋಡುತ್ತಲೇ ಇದ್ದರು.

ಗ್ಯಾಲರಿಯ ಮುಂದೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ಸಿದ್ದಲಿಂಗವ್ವ ಮೊದಲು ನೋಡಿದಳು. ಸ್ವಲ್ಪ ಹೊತ್ತು ನೋಡಿಯೇ ನೋಡಿದಳು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಎವ್ವಾ ನನ್ನವ್ವಾ! ಪರಸಪ್ಪ ಮುತ್ಯಾ ಹ್ವಾದನ!"

ಪಕ್ಕದ ಸೈಕಲ್ ಅಂಗಡಿಯ ಮೈಬೂಬ ಪಂಪು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದ. ದೀಪ ನೋಡಿದ, ಹಾರ ನೋಡಿದ. "ಯಾ ಅಲ್ಲಾ! ನಿನ್ನೆ ಅಷ್ಟ ನನ್ನ ಅಂಗಡಿ ಮುಂದ ನಿಂತು ನನಗ ಬೈದು ಹೋಗಿದ್ದ," ಎಂದವನೇ ಗೌರವಕ್ಕೆಂದು ಅರ್ಧ ಶಟರ್ ಎಳೆದ.

ಪೇಡೆಯ ಡಬ್ಬಿ ಹಿಡಿದು ಸಿದ್ದಾರೂಢ ಮರಳಿದಾಗ ಗ್ಯಾಲರಿಯ ಮುಂದೆ ಬೆಲ್ಲದ ಹೆಂಟೆಗೆ ಇರುವೆ ಮುತ್ತಿದಂತೆ ಮಂದಿ. ಅವನ ಎದೆ ಹಿಗ್ಗಿತು. ಉದ್ಘಾಟನೆಗೆ ಮೊದಲೇ ಇಷ್ಟು ಮಂದಿಯೆ! ಗಾಡಿ ನಿಲ್ಲಿಸಿ ಡಬ್ಬಿ ತೆರೆದು, "ತಗೋರಿ, ತಗೋರಿ, ಬಾಯಿ ಸಿಹಿ ಮಾಡ್ಕೋರಿ," ಎನ್ನುತ್ತ ನುಗ್ಗಿದ.

ಇಡೀ ಗುಂಪು ತಿರುಗಿ ಅವನನ್ನು ನೋಡಿತು.

"ಪೇಡೆ ಹಂಚಾಕತ್ತೀಯೇನಲೇ?" ಎಂದ ಮೈಬೂಬ. "ಹಿರಿ ಜೀವ ಹೋಗೈತಿ, ಪೇಡೆ ಹಂಚ್ತೀಯಾ?"

ಗಾಜಿನ ಮುಂದೆ ಊದಿನಕಡ್ಡಿ ಹೊಗೆಯಾಡುತ್ತಿತ್ತು. ಯಾರೋ ತೆಂಗಿನಕಾಯಿ ಒಡೆದಿದ್ದರು. ಸಿದ್ದಲಿಂಗವ್ವನ ಬುಟ್ಟಿ ಆಗಲೇ ಅರ್ಧ ಖಾಲಿಯಾಗಿತ್ತು. ಸಿದ್ದಾರೂಢನಿಗೆ ಎಲ್ಲವೂ ಅರ್ಥವಾಯಿತು, ಪೇಡೆಯ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದ.

"ಯಪ್ಪಾ, ಮುತ್ಯಾ ಹೋಗಿಲ್ರೀ! ಜೀವಂತ ಅದಾನ! ಚಡಚಣಕ್ಕ ಕುರಿ ನೋಡಾಕ ಹೋಗ್ಯಾನ!"

"ನೀ ಯಾವಾಗ ನೋಡಿದಿ?"

"ನಿನ್ನೆ ಸಂಜಿಕ."

"ಸಾಯೂ ಹಿಂದಿನ ದಿನ ಸಂಜಿಮಟಾ ಎಲ್ಲಾರೂ ಜೀವಂತನ ಇರ್ತಾರ," ಎಂದ ಮೈಬೂಬ. ಗುಂಪಿನವರೆಲ್ಲ ಹೌದೌದೆಂದು ತಲೆಯಾಡಿಸಿದರು.

ಸಿದ್ದಾರೂಢ ಬೀಗ ತೆಗೆದು ಒಳಗೆ ನುಗ್ಗಿ ಮೌಸು ಒತ್ತಿದ. ಕಂಪ್ಯೂಟರ್ ಜಪ್ಪಯ್ಯ ಎನ್ನಲಿಲ್ಲ. ಒತ್ತಿದ, ಒತ್ತಿದ, ಬೆರಳು ನೋಯುವವರೆಗೆ ಒತ್ತಿದ. ಕೊನೆಗೆ ಟೀವಿಯ ಸ್ವಿಚ್ಚಿಗೆ ಕೈ ಹಾಕಿದಾಗ ಸಿದ್ದಲಿಂಗವ್ವ ಬಾಗಿಲಲ್ಲೇ ಕಿರುಚಿದಳು.

"ಯಪ್ಪಾ, ದೀಪ ಆರಸ್ತೀಯೇನೋ? ಮಣ್ಣಾಗೂತನಾ ಹೆಣದ ತಲಿ ಕಡೆ ಇಟ್ಟ ದೀಪ ಆರಸ್ತಾರೇನೋ ಪಾಪಿ?"

ನಾಲ್ಕು ಜನ ಒಳಗೆ ಬಂದು ಅವನ ರಟ್ಟೆ ಹಿಡಿದು ಹೊರಗೆ ತಂದು ನಿಲ್ಲಿಸಿದರು. ಇಬ್ಬರು ಸ್ವಿಚ್ಚಿಗೆ ಕಾವಲು ನಿಂತರು.

ಅಷ್ಟರಲ್ಲಿ ದೂರದಿಂದ ಮೈಕಿನ ಸದ್ದು ಕೇಳಿಸಿತು. ಉದ್ಘಾಟನೆಯ ಸುದ್ದಿ ಸಾರಲು ಸಿದ್ದಾರೂಢನೇ ಗೊತ್ತು ಮಾಡಿದ ಅಟೋ. ಅದನ್ನು ನಡುದಾರಿಯಲ್ಲಿ ಯಾರೋ ತಡೆದು ಹೊಸ ಸುದ್ದಿ ಕೊಟ್ಟಿದ್ದರು. ಹಳೆಯ ಮಾತನ್ನು ಪೂರ್ತಿ ಬಿಡಲಾರದೆ, ಹೊಸದನ್ನು ಸೇರಿಸದೆ ಇರಲಾರದೆ, ಮೈಕಿನವನು ಎರಡನ್ನೂ ಕಲಸಿ ಕೂಗುತ್ತಿದ್ದ:

"ಮಹಾಜನರಲ್ಲಿ ವಿನಂತಿ! ಲಿಂಬಿ ಬೆಳೆಗಾರರ ಹಿರಿಯರಾದ ಶ್ರೀ ಪರಸಪ್ಪನವರ ಅಂತಿಮ ದರ್ಶನ ಇಂದು ಸಂಜೆ ನಾಲ್ಕು ಗಂಟೆಗೆ, ಸಿದ್ದಾರೂಢ ಡಿಜಿಟಲ್ ಫೋಟೋ ಗ್ಯಾಲರಿಯಲ್ಲಿ! ಮದುವೆ, ಸೀಮಂತ, ಜವಳ, ಎಲ್ಲಾ ಶುಭ ಕಾರ್ಯಗಳಿಗೂ ಸಂಪರ್ಕಿಸಿರಿ! ತಾವೆಲ್ಲರೂ ಕುಟುಂಬ ಸಮೇತ ಬರಬೇಕು!"

ಸಿದ್ದಾರೂಢ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಸಿದ. ಮುತ್ಯಾರ ಬಳಿ ಮೊಬೈಲ್ ಇರಲಿಲ್ಲ. "ಮಾತಾಡೂದಿದ್ರ ಎದುರಿಗೆ ಬಂದು ಮಾತಾಡ್ರಿ" ಎನ್ನುವ ಮನುಷ್ಯ. ಚಡಚಣದಲ್ಲಿ ಯಾರ ಮನೆಗೆ ಹೋಗಿದ್ದಾರೋ ಅದೂ ಗೊತ್ತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮುತ್ಯಾರ ಹೆಂಡತಿ ಸಾತವ್ವ ಬಂದಳು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ದಾರಿ ಬಿಟ್ಟರು. ಸಾತವ್ವ ಅಳಲಿಲ್ಲ. ಟೀವಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ಗಂಡನ ಮುಖವನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರು ಹೇಳಿದರು ಸತ್ತಾನಂತ?"

"ಟೀವ್ಯಾಗ ಬಂದೈತಲ್ಲಬೇ ಸಾತವ್ವಾ," ಎಂದು ಸಿದ್ದಲಿಂಗವ್ವ ಮುಸುಮುಸು ಅಳುತ್ತ ಅಂದಳು.

"ಟೀವ್ಯಾಗ ಮಳಿ ಬರ್ತೈತಿ ಅಂತಾರ, ಬಂದೈತೇನು? ನನ್ನ ಗಂಡ ನನಗ ಹೇಳದ ಒಂದು ಕಪ್ ಚಾ ಕುಡಿದಾವಲ್ಲ. ಹೇಳದ ಸಾಯ್ತಾನೇನು? ಹೆಣ ತೋರಸ್ರಿ, ಅಳ್ತೇನಿ. ಅಲ್ಲೀಮಟಾ ಯಾರೂ ನನ್ನ ಹಣಿ ಮುಟ್ಟಬ್ಯಾಡ್ರಿ!" ಎಂದು ಸಿದ್ದಾರೂಢನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತಳು. ಇಡೀ ಊರಿನಲ್ಲಿ ತನ್ನನ್ನು ನಂಬಿದ ಒಂದೇ ಜೀವವೆಂದು ಅವನಿಗೆ ಅವಳ ಕಾಲು ಹಿಡಿಯಬೇಕೆನಿಸಿತು. ಸಾತವ್ವ ಅವನ ಕಡೆ ತಿರುಗಿ, "ಬರಲಿ ಅವಾ ಮೊದಲ. ಆಮ್ಯಾಲ ನಿನ್ನ ನೋಡ್ಕೋತೇನಿ," ಎಂದಳು. ಅವನು ಒಂದು ಗೇಣು ಸರಿದು ಕೂತ.

ಎರಡು ಗಂಟೆಯ ಚಡಚಣ ಬಸ್ಸು ಬಂತು. ಇಳಿದವರ ನಡುವೆ ಒಂದು ಕರಿಯ ಕಂಬಳಿ ಕಂಡಿತು. ಬಿಸಿಲಿಗೆ ತಲೆಯ ಮೇಲೆ ಎಳೆದುಕೊಂಡ ಕಂಬಳಿ, ಅದರ ಕೆಳಗಿನಿಂದ ಜೋಳದ ಸಿವುಡಿನ ಮೀಸೆ.

ಸಿದ್ದಾರೂಢನ ಜೀವ ಹೊಳ್ಳಿ ಬಂತು. ಮಂದಿಯ ಸಂದಿಯಲ್ಲಿ ತೂರಿ, ಕಾಲು ತುಳಿದು, ಬೈಗುಳ ತಿಂದು ಗುಂಪಿನ ಹಿಂದಕ್ಕೆ ಬಂದ. ಪರಸಪ್ಪ ಮುತ್ಯಾ ಆಗಲೇ ಅಲ್ಲಿ ನಿಂತು, ಚುರಮರಿ ತಿನ್ನುತ್ತಿದ್ದವನೊಬ್ಬನ ಬೆನ್ನು ತಟ್ಟಿ ಕೇಳುತ್ತಿದ್ದರು.

"ಯಾರು ಹ್ವಾದರೋ ತಮ್ಮಾ?"

ಅವನು ಟೀವಿಯಿಂದ ಕಣ್ಣು ಕೀಳದೆಯೇ ಹೇಳಿದ. "ಪರಸಪ್ಪ ಮುತ್ಯಾ ಅಂತ್ರಿ."

ಮುತ್ಯಾ ಗಾಜಿನ ಕಡೆ ನೋಡಿದರು. ಗಾಜಿನೊಳಗಿನಿಂದ ಮುತ್ಯಾ ಇವರನ್ನು ನೋಡಿದರು. ಹೊರಗಿನ ಮುತ್ಯಾ ಕಂಬಳಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು.

"ಹೆಂಗಿದ್ದ ಮನಷ್ಯಾ?"

"ಬಾಯಿ ಭಾಳ ಕೆಟ್ಟ ನೋಡ್ರಿ. ಆದ್ರ ನಮ್ಮಪ್ಪ ಹಾಸಿಗಿ ಹಿಡದಾಗ ಎರಡು ಆಡು ತಂದು ಮನಿ ಮುಂದ ಕಟ್ಟಿ ಹೋಗಿದ್ದ, ಹುಡುಗರಿಗೆ ಹಾಲಾಗ್ಲಿ ಅಂತ. ಉಪಕಾರ ಆತ್ರಿ ಅನ್ನಾಕ ಹೋದ್ರ ಅದಕ್ಕೂ ಬೈದು ಕಳಿಸಿದ."

ಸಿದ್ದಾರೂಢ ಬಾಯಿ ತೆರೆದ. ಕಂಬಳಿಯೊಳಗಿನಿಂದ ಒಂದು ಕೈ ಬಂದು ಅವನ ಮಣಿಕಟ್ಟನ್ನು ಇಕ್ಕುಳದಂತೆ ಹಿಡಿಯಿತು.

"ಸುಮ್ಕ ನಿಂದ್ರು," ಎಂದರು ಮುತ್ಯಾ ಮೆಲ್ಲಗೆ. "ಕೇಳೂಣು."

"ಮುತ್ಯಾ, ನಿಮ್ಮ ಕಾಲಿಗೆ ಬೀಳ್ತೇನ್ರಿ, ಮಂದಿಗೆ ಒಮ್ಮಿ ಮಾರಿ ತೋರಸ್ರಿ..." ಎಂದು ಸಿದ್ದಾರೂಢ ಪಿಸುಗುಟ್ಟಿದ.

"ಜೀವಂತ ಇದ್ದಾಗ ನನಗ ಯಾರೂ ಒಂದು ಛಲೋ ಮಾತು ಆಡಿಲ್ಲೋ. ಈಗ ಎಲ್ಲಾರೂ ಸಾಲು ಹಚ್ಯಾರ. ನಡುವ ಬಾಯಿ ಹಾಕಿದ್ರ ಮಣಿಕಟ್ಟು ಮುರಿತೇನಿ."

ಆಗ ಗುಂಪಿನಲ್ಲಿ ಗುಜುಗುಜು ಎದ್ದಿತು. ಶ್ರೀಶೈಲಪ್ಪ ಗೌಡರು ಬರುತ್ತಿದ್ದರು. ಪರಸಪ್ಪ ಮುತ್ಯಾರ ತೋಟದ ಪಕ್ಕದ ಹೊಲ ಅವರದು. ಇಬ್ಬರೂ ಚಡ್ಡಿ ಹಾಕುವ ಕಾಲದ ಗೆಳೆಯರು. ಬದುವಿನ ಮೇಲಿನ ಬೇವಿನ ಗಿಡ ಯಾರದೆಂಬ ಮಾತಿಗೆ ಮಾತು ಬೆಳೆದು, ಮಾತು ನಿಂತು, ಎಷ್ಟೋ ವರ್ಷಗಳಾಗಿದ್ದವು. ಒಬ್ಬರು ಕೂತ ಬಸ್ಸನ್ನು ಇನ್ನೊಬ್ಬರು ಹತ್ತುತ್ತಿರಲಿಲ್ಲ.

ಗೌಡರು ಟೀವಿಯ ಮುಂದೆ ಬಂದು ಟೋಪಿ ತೆಗೆದರು. ಮೈಬೂಬ ಎಲ್ಲಿಂದಲೋ ಅಟೋದ ಮೈಕು ತಂದು ಅವರ ಬಾಯಿಗೆ ಹಿಡಿದ. ಗೌಡರಿಗೆ ಅದರ ಖಬರೇ ಇರಲಿಲ್ಲ.

"ಪರಸ್ಯಾ," ಎಂದರು ಗಾಜಿಗೆ. ಟೋಪಿಯನ್ನು ಎದೆಗೆ ಒತ್ತಿ ಹಿಡಿದರು. "ದಿನಾ ಮುಂಜಾನೆ ಎದ್ದು ಬದುವಿಗೆ ಬಂದು ನೀ ಇದ್ದೀ ಇಲ್ಲೋ ನೋಡ್ತಿದ್ನಲ್ಲೋ. ಇದ್ರ, ಸಿಟ್ಟಿಲೆ ಹೊಳ್ಳಿ ಬರ್ತಿದ್ದೆ. ಇನ್ನ ಯಾರ ಮ್ಯಾಲ ಸಿಟ್ಟು ಮಾಡ್ಲೋ? ಆ ಹಾಳ ಗಿಡ ನೀನ ತಗೊಂಡ ಹೋಗಬೇಕಿತ್ತಲ್ಲೋ!" ಎಂದವರೇ ಸಣ್ಣ ಹುಡುಗನಂತೆ ಬಿಕ್ಕಿ ಬಿಕ್ಕಿ ಅತ್ತರು. ಮೈಕಿನಲ್ಲಿ ಆ ಬಿಕ್ಕು ಬಸ್‌ಸ್ಟ್ಯಾಂಡಿನ ಆಚೆಯವರೆಗೂ ಕೇಳಿಸಿತು.

ಸಿದ್ದಾರೂಢನ ಮಣಿಕಟ್ಟಿನ ಮೇಲಿನ ಹಿಡಿತ ಇನ್ನೂ ಬಿಗಿಯಾಯಿತು. ಅವನು ಕಂಬಳಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಮೀಸೆ ಮಾತ್ರ ಗಾಳಿಯಿಲ್ಲದೆ ಅಲುಗುತ್ತಿತ್ತು.

ಸರಿಯಾಗಿ ಅದೇ ಹೊತ್ತಿಗೆ ಒಂದು ಟ್ರ್ಯಾಕ್ಸ್ ಬಂದು ನಿಂತು, ಬಾಗೇವಾಡಿಯ ಗುರುಪಾದಪ್ಪ ಕೆಳಗಿಳಿದರು. ಸರಿಯಾಗಿ ಅದೇ ಹೊತ್ತಿಗೆ, ಬೆಳಿಗ್ಗೆ ಸಿದ್ದಾರೂಢ ಒತ್ತಿದ ಮೌಸು ಕಂಪ್ಯೂಟರಿಗೆ ಈಗ ನೆನಪಾಯಿತು. ಟೀವಿ ಒಮ್ಮೆ ಬೆದರಿತು. ಪರಸಪ್ಪ ಮುತ್ಯಾ ಮಾಯವಾದರು. ಅದೇ ಎರಡು ದೀಪಗಳ ನಡುವೆ, ಅದೇ ಎಸಳಿನ ಕೆಳಗೆ, ಅದೇ ಕೊಳಲಿಗೆ, ಹಾರ ಹಾಕಿಕೊಂಡ ಐಶ್ವರ್ಯಳ ಮುಖ ಮೂಡಿತು.

"ಅಯ್ಯಯ್ಯೋ!" ಸಿದ್ದಲಿಂಗವ್ವ ಬುಟ್ಟಿ ಬಿಟ್ಟು ಎದ್ದಳು. "ಈ ಹುಡುಗಿನೂ ಹೋತಽ! ಅರಿಶಿಣ ಹಚ್ಚೂ ವಯಸ್ಸಿನ್ಯಾಗ ಏನಾತವ್ವಾ ನನ್ನ ಬಂಗಾರಾ!"

ಹೆಂಗಸರೆಲ್ಲ ಒಟ್ಟಿಗೆ ಸೂರು ಹಾರುವಂತೆ ಅತ್ತರು. ಗುರುಪಾದಪ್ಪ ಟ್ರ್ಯಾಕ್ಸಿನ ಬಾಗಿಲು ಹಿಡಿದು ನಿಂತಲ್ಲೇ ಕಲ್ಲಾದರು. ಆಮೇಲೆ ಕಲ್ಲು ಸಿಡಿಯಿತು. "ಯಾವನಲೇ ಅವಾ ಸ್ಟುಡಿಯೋದಾವಾ! ನನ್ನ ಮಗಳಿಗೆ ದೀಪ ಇಟ್ಟೀಯೇನಲೇ!"

ಟ್ರ್ಯಾಕ್ಸಿನ ಕಿಟಕಿಯಿಂದ ಐಶ್ವರ್ಯ ಇಣುಕಿದಳು. "ಅಪ್ಪಾ, ಫೋಟೋ ಭಾಳ ಛಲೋ ಬಂದೈತಲ್ಲ!"

ಟೀವಿಯಲ್ಲಿ ಸತ್ತ ಹುಡುಗಿ ಕಿಟಕಿಯಲ್ಲಿ ಮಾತಾಡಿದ್ದು ಕಂಡು ಸಿದ್ದಲಿಂಗವ್ವ ಮೈಬೂಬನ ಮೇಲೆ ಬಿದ್ದಳು. ಇದನ್ನೆಲ್ಲ ನೋಡಿ ಪರಸಪ್ಪ ಮುತ್ಯಾರಿಗೆ ಇನ್ನು ತಡೆಯಲಾಗಲಿಲ್ಲ. ಕಂಬಳಿ ಜಾರುವಂತೆ, ಮೀಸೆ ಕುಣಿಯುವಂತೆ, ಹೊಟ್ಟೆ ಹಿಡಿದುಕೊಂಡು ನಕ್ಕರು. ಚುರಮರಿಯವನು ತಿರುಗಿ ನೋಡಿದ. ಪೊಟ್ಟಣ ಕೈಬಿಟ್ಟು ಓಡಿದ. ಅವನ ಹಿಂದೆ ಅರ್ಧ ಗುಂಪು ಓಡಿತು.

ಸಾತವ್ವ ಮಾತ್ರ ಕಟ್ಟೆಯಿಂದ ಕದಲಲಿಲ್ಲ. "ನಾ ಹೇಳಲಿಲ್ಲಾ?" ಎಂದಳು ಉಳಿದವರಿಗೆ. ಆಮೇಲೆ ಗಂಡನಿಗೆ, "ಉಂಡ್ ಬಂದಿಯೋ, ಹಂಗ ಬಂದಿಯೋ?"

ಶ್ರೀಶೈಲಪ್ಪ ಗೌಡರು ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು ಗೆಳೆಯನ ಎದುರು ಬಂದು ನಿಂತರು. "ನಾಚಿಕಿ ಬರಂಗಿಲ್ಲೇನೋ ನಿನಗ? ನಾ ಇಲ್ಲಿ ಹೊಯ್ಕೊಳ್ಳಾಕತ್ತೇನಿ, ನೀ ನಿಂತು ಮಜಾ ನೋಡ್ತಿ?"

"ಛಲೋ ಅಳ್ತೀಯೋ ಶ್ರೀಶೈಲಾ," ಎಂದರು ಮುತ್ಯಾ. "ಇಷ್ಟು ದಿನ ಗೊತ್ತಿರಲಿಲ್ಲ ನನಗ."

ಗೌಡರು ಹೊಡೆಯಲೆಂದೇ ಕೈ ಎತ್ತಿದರು. ಎತ್ತಿದ ಕೈ ಹೋಗಿ ಗೆಳೆಯನ ಹೆಗಲ ಮೇಲೆ ಬಿತ್ತು. ಇಬ್ಬರೂ ಹಾಗೆಯೇ ಚಹಾದ ಅಂಗಡಿಯ ಕಡೆ ನಡೆದರು. ಹೋಗುತ್ತ ಹೋಗುತ್ತ ಬೇವಿನ ಗಿಡದ ಮಾತು ತೆಗೆದು ಜಗಳಾಡುತ್ತಲೇ ಹೋದರು.

ಗುರುಪಾದಪ್ಪ ಮಾತ್ರ ಚಹಾಕ್ಕೂ ನಿಲ್ಲಲಿಲ್ಲ. "ನಮ್ಮ ಹುಡುಗಿ ಮಾರಿ ಮತ್ತ ನಿನ್ನ ಟೀವ್ಯಾಗ ಕಂಡ್ರ ನೋಡು. ಮದುವಿ ಫೋಟೋಕ ಸಿಂದಗಿಯವರಿಗೆ ಹೇಳ್ತೇನಿ," ಎಂದು ಟ್ರ್ಯಾಕ್ಸಿನ ಬಾಗಿಲು ಬಡಿದರು. ಧೂಳೆದ್ದಿತು. ಆ ಧೂಳಿನಲ್ಲಿ ಬಾಗೇವಾಡಿ, ಮುದ್ದೇಬಿಹಾಳದ ಬೀಗರೆಲ್ಲ ಒಬ್ಬೊಬ್ಬರಾಗಿ ಎದ್ದುಹೋದಂತೆ ಸಿದ್ದಾರೂಢನಿಗೆ ಕಂಡಿತು.

ಸಂಜೆ ನಾಲ್ಕಕ್ಕೆ ಪರಸಪ್ಪ ಮುತ್ಯಾ ಬಂದು ರಿಬ್ಬನ್ ಕತ್ತರಿಸಿದರು. ಹೇಗೂ ಕೂಡಿದ ಮಂದಿ, ಒಳಗೇನಿದೆ ನೋಡೋಣವೆಂದು ನುಗ್ಗಿತು. ಗದ್ದಲ ಮಾಡುತ್ತ ಹೋದವರು ಗೋಡೆಯ ಮುಂದೆ ನಿಂತಾಗ ಮೆತ್ತಗಾದರು. ಸಿದ್ದಲಿಂಗವ್ವ ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ಬೆಳಗಿನ ಬಿಸಿಲಲ್ಲಿ ಹೂವಿನ ಬುಟ್ಟಿಗೆ ನೀರು ಚಿಮುಕಿಸುವ ಹೆಂಗಸು. "ಇಕಿ ನಾನಽ ಏನೋ ತಮ್ಮಾ?" ಎಂದಳು. "ಇಷ್ಟು ಛಲೋ ಅದೇನಿ ಅಂತ ಯಾರೂ ಹೇಳಿರಲಿಲ್ಲ." ಸಿದ್ದಾರೂಢನಿಗೆ ಆ ದಿನದ ಮೊದಲ ಸಮಾಧಾನ ಅದು.

ಹೊರಡುವಾಗ ಮುತ್ಯಾ ಅವನ ಬೆನ್ನು ತಟ್ಟಿದರು. "ಚಿಂತಿ ಮಾಡಬ್ಯಾಡ. ನಾಳೆ ನಿನ್ನ ಬಾಗಲಾಗ ಗಿರಾಕಿ ಹಿಡಿಯಂಗಿಲ್ಲ ನೋಡು."

ಆ ಮಾತು ಸುಳ್ಳಾಗಲಿಲ್ಲ. ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಓಣಿ ತಿರುಗಿದಾಗಲೇ ಗ್ಯಾಲರಿಯ ಮುಂದೆ ಸಾಲು ಕಂಡಿತು. "ಕಣ್ಣು ತೆರೆದ ನೋಡ್ರಿ ದೇವರು!" ಎಂದಳು ಸುನಂದಾ. ಸಿದ್ದಾರೂಢ ಹೆಜ್ಜೆ ಜೋರು ಮಾಡಿದ. ಹತ್ತಿರ ಬಂದಂತೆ ಹೆಜ್ಜೆ ನಿಧಾನವಾಯಿತು. ಸಾಲಿನಲ್ಲಿ ಒಂದೂ ಕರಿಯ ಕೂದಲಿರಲಿಲ್ಲ. ರುಮಾಲು, ಕೋಲು, ಕನ್ನಡಕ, ಇಸ್ತ್ರಿ ಮಾಡಿದ ಧೋತರ. ಮೊದಲಿಗೆ ಶ್ರೀಶೈಲಪ್ಪ ಗೌಡರು ಕೋಟು ಹಾಕಿಕೊಂಡು ನಿಂತಿದ್ದರು.

"ಏನ್ರಿ ಗೌಡ್ರ, ಇಷ್ಟ ಲಗೂನ?"

ಗೌಡರು ಅತ್ತಿತ್ತ ನೋಡಿ ದನಿ ಇಳಿಸಿದರು. "ನನಗೂ ಒಂದು ದಿವಸ ಹಾಕು ಟೀವ್ಯಾಗ."

"ಹಾಕೂಣ್ರಿ. ಸನ್ಮಾನದ ಫೋಟೋನೋ, ಮದುವಿದೋ?"

"ಪರಸ್ಯಾಂದು ಹಾಕಿದ್ದಿಯಲ್ಲಾ, ಹಂಗ. ದೀಪಾ, ಹೂವಾ, ಎಲ್ಲಾ ಇರಲಿ. ನಾ ಎದುರಿಗೆ ಚಾದಂಗಡ್ಯಾಗ ಕೂತಿರ್ತೇನಿ. ಅವಾ ಬಂದು ಎಷ್ಟು ಅಳ್ತಾನ ನಾ ನೋಡಬೇಕು. ನನಕಿಂತ ಕಡಿಮಿ ಅತ್ತಾ ಅಂದ್ರ ಮತ್ತ ಮಾತು ಬಿಡ್ತೇನಿ."

"ನನ್ನ ಮಗಾ ಸೊಸಿ ಏನಂತಾರ ನಾನೂ ಕೇಳಬೇಕೋ ತಮ್ಮಾ," ಎಂದ ಅವರ ಹಿಂದಿನವನು. "ಮೈಕ್ ಇರ್ತೈತೇನು?" ಎಂದ ಅವನ ಹಿಂದಿನವನು.

"ಇದು ಗ್ಯಾಲರಿ ಐತ್ರಿ ಹಿರ್ಯಾರ! ಮದುವಿ ಮುಂಜಿ ಮಂದಿ ಬರಬೇಕ್ರಿ ಇಲ್ಲೆ!" ಎಂದು ಸಿದ್ದಾರೂಢ ಅಳುವ ದನಿಯಲ್ಲಿ ಹೇಳಿದ. ಯಾರೂ ಸಾಲು ಬಿಡಲಿಲ್ಲ.

ಸುನಂದಾ ಆಗಲೇ ಬೀಗ ತೆಗೆದು ಒಳಗಿನ ಬೆಂಚು ಹೊರಗೆ ಎಳೆಯುತ್ತಿದ್ದಳು. "ಕುಂದರ್ರಿ, ಎಲ್ಲಾರೂ ಕುಂದರ್ರಿ. ಹಳೇ ಫೋಟೋ ನಡಿಯಂಗಿಲ್ರಿ, ಎಲ್ಲಾರೂ ಹೊಸಾದು ತೆಗಿಸ್ಕೋಬೇಕು," ಎಂದು ಗಂಡನ ಕೈಗೆ ಕ್ಯಾಮೆರಾ ತುರುಕಿದಳು.

ಗೌಡರು ಕುರ್ಚಿಯ ಮೇಲೆ ಕೂತು ಕೋಟು ಜಗ್ಗಿಕೊಂಡು ಮುಖ ಬಿಗಿದರು. ಸಿದ್ದಾರೂಢ ನಿಟ್ಟುಸಿರು ಬಿಟ್ಟು, ಕ್ಯಾಮೆರಾ ಕಣ್ಣಿಗಿಟ್ಟು, ಅಭ್ಯಾಸ ಬಲದಿಂದ ಹೇಳಿದ.

"ಸ್ವಲ್ಪ ನಗ್ರಿ ಗೌಡ್ರ."

ಗೌಡರು ಕಣ್ಣು ಕೆಂಪಗೆ ಮಾಡಿದರು.

"ಸತ್ತವರು ನಗ್ತಾರೇನಲೇ ಹುಚ್ಚಾ? ತಗಿ ಸುಮ್ಕ!"